ತೋಟ ಅಡವಿಡುವ ಮೊದಲು ಅಪ್ಪನಿಗೆ ಹೇಳಿ

ಪ್ರಶ್ನೆ: ನನಗೆ 25 ವರ್ಷ. ದಾವಣಗೆರೆಯಲ್ಲಿ ದಂತವೈದ್ಯಕೀಯ ಪದವಿ ಬಿಡಿಎಸ್ ಓದಿ, ಇಂಟರ್ನ್‌ಶಿಪ್ ಮುಗಿಸಿ, ಈಗ ಇಲ್ಲಿಯೇ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ತಿಂಗಳಿಗೆ ಹದಿನೈದು ಸಾವಿರ ಕೊಡುತ್ತಾರೆ, ಅದೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಕ್ಲಿನಿಕ್ ಮಾಲೀಕರು ರೋಗಿಗಳ ಎದುರೇ ಗದರುತ್ತಾರೆ. ಈ ವರ್ಷ ದಂತವೈದ್ಯಕೀಯ ಸ್ನಾತಕೋತ್ತರ ಪ್ರವೇಶಕ್ಕೆ ನೀಟ್ ಎಂಡಿಎಸ್ ಬರೆದೆ. ಬೇಕಾದ ವಿಷಯದಲ್ಲಿ ಸರ್ಕಾರಿ ಸೀಟು ಸಿಗುವಷ್ಟು ರ‍್ಯಾಂಕ್ ಬರಲಿಲ್ಲ. ನನ್ನ ಸೀನಿಯರ್ ಒಬ್ಬರು ಸೇನೆಯ ದಂತವೈದ್ಯಕೀಯ ದಳದಲ್ಲಿ ಕ್ಯಾಪ್ಟನ್ ಆಗಿದ್ದಾರೆ. ಅವರ ಮಾತು ಕೇಳಿದ ಮೇಲೆ ನನಗೂ ಅರ್ಜಿ ಹಾಕುವ ಆಸೆ ಹುಟ್ಟಿದೆ. ಆದರೆ ಅಪ್ಪ ಚನ್ನಗಿರಿಯ ಹತ್ತಿರವಿರುವ ಅಡಿಕೆ ತೋಟದ ಮೇಲೆ ಸಾಲ ತೆಗೆದು ನನಗೆ ದಾವಣಗೆರೆಯಲ್ಲಿ ಕ್ಲಿನಿಕ್ ಹಾಕಿಕೊಡಲು ಹೊರಟಿದ್ದಾರೆ. ಮಳಿಗೆಯನ್ನೂ ನೋಡಿಟ್ಟಿದ್ದಾರೆ. ಸೇನೆಯ ಮಾತು ತೆಗೆದಾಗ 'ಹಲ್ಲು ಕೀಳುವುದಕ್ಕೆ ಮಿಲಿಟರಿಗೆ ಯಾಕೆ ಹೋಗಬೇಕು?' ಎಂದು ಕೇಳಿ ಸುಮ್ಮನಾದರು. ಅಮ್ಮ ಅಳುತ್ತಾರೆ. ಬೆಂಗಳೂರಿನ ಎಂಜಿನಿಯರ್ ಒಬ್ಬರ ಸಂಬಂಧ ಬಂದಿದೆ, ಅವರ ಮನೆಯವರಿಗೆ ವರ್ಗಾವಣೆಯ ಕೆಲಸ ಬೇಡವಂತೆ. ಮನೆಯಲ್ಲಿ ಹೇಳದೆ ಅರ್ಜಿ ಹಾಕಿಬಿಡಲೇ? ಒಟ್ಟಿನಲ್ಲಿ ಇಲ್ಲಿಂದ ಹೊರಗೆ ಹೋದರೆ ಸಾಕು ಎನಿಸುತ್ತಿದೆ.
— ಹೆಸರು ಬೇಡ, ದಾವಣಗೆರೆ

ಉತ್ತರ: ಅರ್ಜಿ ಹಾಕಿ. ಆದರೆ ಮುಚ್ಚಿಟ್ಟು ಹಾಕಬೇಡಿ. 25 ವರ್ಷದ ವೈದ್ಯೆಗೆ ಅರ್ಜಿ ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ, ಅದು ನಿಜ. ಆದರೆ ನೀವು ಒಳಗೊಳಗೇ ಬೇರೆ ದಾರಿ ಹಿಡಿದಿರುವುದು ಗೊತ್ತಿಲ್ಲದೆ ನಿಮ್ಮ ತಂದೆ ತೋಟದ ಕಾಗದಪತ್ರ ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತುವುದಿದೆಯಲ್ಲ, ಅದನ್ನು ಆಗಗೊಡಬಾರದು. ಕುರ್ಚಿ, ಕಂಪ್ರೆಸರ್, ಎಕ್ಸ್‌–ರೇ, ಆಟೋಕ್ಲೇವ್ ಎಲ್ಲವನ್ನೂ ಕೊಂಡ ಮೇಲೆ ನಿಮಗೆ ದೆಹಲಿಯಿಂದ ಸಂದರ್ಶನದ ಕರೆ ಬಂದರೆ, ಆಗ ನೀವು ಹೋದರೂ ತಪ್ಪಿತಸ್ಥೆಯಂತೆ ಹೋಗುತ್ತೀರಿ, ಉಳಿದರೂ ಕೊರಗುತ್ತಾ ಉಳಿಯುತ್ತೀರಿ.

ನಿಮ್ಮ ಪತ್ರದಲ್ಲಿ ನನಗೆ ಕಳವಳ ತಂದದ್ದು ಕೊನೆಯ ಸಾಲು. 'ಇಲ್ಲಿಂದ ಹೊರಗೆ ಹೋದರೆ ಸಾಕು' ಎನ್ನುವ ಮನಸ್ಸು ಸೇನೆಗೆ ಸೇರಲು ಸಾಲದು. ಮಾಲೀಕರ ಗದರಿಕೆ ಅನ್ಯಾಯ, ಅದನ್ನು ಸಹಿಸಬೇಕೆಂದು ನಾನು ಹೇಳುವುದಿಲ್ಲ. ಅಂಥ ಕ್ಲಿನಿಕ್ ಬಿಡಲು ಸೇನೆಯೇ ಬೇಕಿಲ್ಲ, ಒಂದು ತಿಂಗಳ ಮುನ್ಸೂಚನೆ ಸಾಕು. ಸೇನೆಯಲ್ಲಿಯೂ ನಿಮ್ಮ ಮೇಲೆ ಅಧಿಕಾರಿಗಳಿರುತ್ತಾರೆ, ಆದೇಶಗಳಿರುತ್ತವೆ. ಎಲ್ಲಿ ಕೆಲಸ ಮಾಡಬೇಕೆಂದು ನೀವು ಆರಿಸಿಕೊಳ್ಳುವುದಿಲ್ಲ. ಆದ್ದರಿಂದ ಈ ಕೆಲಸವೇ ನಿಮಗೆ ಬೇಕೇ ಎಂದು ಮೊದಲು ನೋಡಿಕೊಳ್ಳಿ. ಅದಕ್ಕೆ ನಿಮ್ಮ ತಂದೆಯ ಪ್ರಶ್ನೆಯೇ ಒಳ್ಳೆಯ ಆರಂಭ. ಅವರು ಸಿಟ್ಟಿನಿಂದ ಕೇಳಿರಬಹುದು, ಆದರೂ ಅದು ಉತ್ತರಕ್ಕೆ ಯೋಗ್ಯವಾದ ಪ್ರಶ್ನೆ.

ಸೇನೆಯ ದಂತವೈದ್ಯಕೀಯ ದಳ, ಅಂದರೆ ಆರ್ಮಿ ಡೆಂಟಲ್ ಕೋರ್, ಹುಟ್ಟಿದ್ದು 1941ರ ಫೆಬ್ರವರಿ 4ರಂದು, ಎರಡನೆಯ ಮಹಾಯುದ್ಧದ ನಡುವೆ. ಹೆಸರಿನಲ್ಲಿ ಆರ್ಮಿ ಎಂದಿದ್ದರೂ ಈ ದಳದ ವೈದ್ಯರು ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಸೇವೆ ಸಲ್ಲಿಸುತ್ತಾರೆ. ದಳದ ಮುಖ್ಯಸ್ಥರದು ಲೆಫ್ಟಿನೆಂಟ್ ಜನರಲ್ ದರ್ಜೆ. ಇನ್ನು ಕೆಲಸದ ಮಾತು. ವಾರಗಟ್ಟಲೆ ಹಿಮದಿಂದ ರಸ್ತೆ ಮುಚ್ಚಿಹೋಗುವ ಠಾಣೆಗೆ ಯೋಧನೊಬ್ಬ ಹೋಗುವ ಮೊದಲು ಅವನ ದವಡೆಯ ಹಲ್ಲಿನ ಹುಳುಕನ್ನು ಕಂಡುಹಿಡಿಯದೆ ಬಿಟ್ಟರೆ, ಅಲ್ಲಿ ಅದು ಬಾವಾಗಿ ಊದಿದಾಗ ಅವನನ್ನು ಇಳಿಸಲು ಹೆಲಿಕಾಪ್ಟರ್ ಬೇಕಾಗಬಹುದು. ದಾವಣಗೆರೆಯಲ್ಲಿ 'ನಾಳೆ ಬನ್ನಿ' ಎಂದು ಕಳುಹಿಸಬಹುದಾದ ಹಲ್ಲುನೋವು ಅಲ್ಲಿ ಒಬ್ಬ ಕಾವಲುಗಾರನನ್ನೇ ಕಡಿಮೆ ಮಾಡುತ್ತದೆ. ವಾಯುಪಡೆಯ ಪೈಲಟ್ ಮೇಲೇರಿದಂತೆ ಸುತ್ತಲಿನ ಗಾಳಿಯ ಒತ್ತಡ ಇಳಿಯುತ್ತದೆ. ಆಗ ಸರಿಯಾಗಿ ಕೂರದ ಫಿಲ್ಲಿಂಗ್ ಇರುವ ಹಲ್ಲು, ನೆಲದ ಮೇಲೆ ತೆಪ್ಪಗಿದ್ದದ್ದು, ಆಕಾಶದಲ್ಲಿ ಚುಚ್ಚತೊಡಗುತ್ತದೆ. ಬ್ಯಾರೋಡಾಂಟಾಲ್ಜಿಯಾ ಎಂದು ನೀವು ಪುಸ್ತಕದಲ್ಲಿ ಓದಿರುತ್ತೀರಿ. ಅಲ್ಲಿ ಅದನ್ನು ಮೊದಲೇ ತಡೆಯುವುದು ನಿಮ್ಮ ಕರ್ತವ್ಯವಾಗುತ್ತದೆ. ಒತ್ತಡ ಏರುವ ನೀರಿನಾಳದಲ್ಲಿ ಕೆಲಸ ಮಾಡುವ ಮುಳುಗುಗಾರರಿಗೂ ಇದೇ ತೊಂದರೆ. ಗುಂಡಿನಿಂದಲೋ ಸ್ಫೋಟದ ಚೂರುಗಳಿಂದಲೋ ಛಿದ್ರವಾದ ದವಡೆಯನ್ನು ಕೂಡಿಸುವುದು ಈ ದಳದ ಮುಖ–ದವಡೆ ಶಸ್ತ್ರಚಿಕಿತ್ಸಕರ ಕೆಲಸ. ಗುರುತು ಸಿಗದ ದೇಹವನ್ನು ಹಲ್ಲಿನ ದಾಖಲೆಯಿಂದ ಗುರುತಿಸಿ ಮನೆಯವರಿಗೆ ಒಪ್ಪಿಸಬೇಕಾದ ಹೊತ್ತೂ ಬರುತ್ತದೆ. ನಿಮ್ಮ ತಂದೆಗೆ ಇಷ್ಟನ್ನು ನಿಧಾನವಾಗಿ ಹೇಳಿ. ಹಲ್ಲು ಕೀಳುವವರು ಮಿಲಿಟರಿಗೆ ಯಾಕೆ ಬೇಕೆಂಬುದು ಅವರಿಗೆ ಅರ್ಥವಾಗುತ್ತದೆ.

ಪ್ರತಿದಿನವೂ ಹೀಗೆಯೇ ಇರುತ್ತದೆಂದು ತಿಳಿಯಬೇಡಿ. ಬಹುಪಾಲು ದಿನಗಳು ಮಿಲಿಟರಿ ಡೆಂಟಲ್ ಸೆಂಟರಿನ ಕುರ್ಚಿಯ ಪಕ್ಕದಲ್ಲಿ ಕಳೆಯುತ್ತವೆ. ರೂಟ್ ಕೆನಾಲ್, ಸ್ಕೇಲಿಂಗ್, ಜವಾನರ ಮಕ್ಕಳ ಹಾಲುಹಲ್ಲು, ನಿವೃತ್ತರ ಕಟ್ಟುಹಲ್ಲು. ಪಕ್ಕದಲ್ಲಿ ಡೋರಾ ಎಂದು ಕರೆಯುವ ತರಬೇತಿ ಪಡೆದ ಸಹಾಯಕರಿರುತ್ತಾರೆ. ಬಿಲ್ಲು ಹೆಚ್ಚಿಸಲು ಬೇಡದ ಕ್ಯಾಪ್ ಹಾಕಿಸುವ ಒತ್ತಾಯವಿಲ್ಲ, ರೋಗಿ ಹಣವಿಲ್ಲವೆಂದು ಅರ್ಧ ಚಿಕಿತ್ಸೆಗೇ ಬಿಟ್ಟುಹೋಗುವುದಿಲ್ಲ. ಕೆಲಸವನ್ನು ಸರಿಯಾಗಿ ಕಲಿಯಬೇಕೆನ್ನುವ ಎಳೆಯ ವೈದ್ಯರಿಗೆ ಇದು ಸಂಬಳಕ್ಕಿಂತ ದೊಡ್ಡದೆಂದು ನಾನು ನಂಬುತ್ತೇನೆ.

ಸಂಬಳವೂ ಸಣ್ಣದಲ್ಲ. ಸೇರುವಾಗಲೇ ಕ್ಯಾಪ್ಟನ್ ದರ್ಜೆ. ಏಳನೆಯ ವೇತನ ಆಯೋಗದ ಪ್ರಕಾರ ಮೂಲವೇತನ 61,300 ರೂಪಾಯಿಯಿಂದ ಆರಂಭ, ಅದರ ಮೇಲೆ 15,500 ರೂಪಾಯಿ ಮಿಲಿಟರಿ ಸೇವಾ ವೇತನ, ಮೂಲವೇತನದ ಶೇ 20ರಷ್ಟು ಖಾಸಗಿ ವೃತ್ತಿ ನಿಷೇಧ ಭತ್ಯೆ. ಈ ಮೂರೇ 89,000 ದಾಟುತ್ತವೆ, ತುಟ್ಟಿಭತ್ಯೆ ಬೇರೆ. ಕೊನೆಯ ಭತ್ಯೆಯ ಹೆಸರೇ ಹೇಳುವಂತೆ ಸಂಜೆ ಹೊರಗೆ ಕ್ಲಿನಿಕ್ ನಡೆಸುವಂತಿಲ್ಲ. 'ಅಲ್ಲಿದ್ದುಕೊಂಡೇ ಇಲ್ಲೂ ಒಂದು ಕ್ಲಿನಿಕ್ ಇರಲಿ' ಎಂದು ಮನೆಯಲ್ಲಿ ಯಾರಾದರೂ ರಾಜಿಸೂತ್ರ ತಂದರೆ ಅದು ಆಗದ ಮಾತು.

ಈಗ ಅವಧಿಯ ವಿಷಯ. ನಿಮ್ಮ ಅಮ್ಮನ ಅಳುವಿನ ಅರ್ಧ ಕಾರಣ ಮಗಳು ಜೀವನಪೂರ್ತಿ ಹೋಗಿಬಿಡುತ್ತಾಳೆ ಎಂಬ ಕಲ್ಪನೆ ಇರಬೇಕು. ನೀವು ಅರ್ಜಿ ಹಾಕುವುದು ಶಾರ್ಟ್ ಸರ್ವಿಸ್ ಕಮಿಷನ್‌ಗೆ. ಮೊದಲು ಐದು ವರ್ಷ. ಬೇಕೆನಿಸಿದರೆ ಮತ್ತೆ ಐದು, ಆಮೇಲೆ ನಾಲ್ಕು, ಒಟ್ಟು 14 ವರ್ಷದವರೆಗೆ ಮುಂದುವರಿಯಬಹುದು. ಐದು ವರ್ಷಕ್ಕೆ ಹೊರಬಂದರೆ ಆಗ ನಿಮಗೆ ಇನ್ನೂ 31 ಅಥವಾ 32. ಕೈಯಲ್ಲಿ ಉಳಿತಾಯ, ಗ್ರ್ಯಾಚುಟಿ, ಸಾವಿರಾರು ರೋಗಿಗಳ ಅನುಭವ ಇರುತ್ತದೆ. ಪಿಂಚಣಿ ಇರುವುದಿಲ್ಲ, ಇದನ್ನು ಮನೆಯಲ್ಲಿ ಮರೆಮಾಚದೆ ಹೇಳಿ. ಅಧಿಕಾರಿಗಳಿಗೆ ಪಿಂಚಣಿ ಸಿಗಲು 20 ವರ್ಷ ಸೇವೆಯಾಗಬೇಕು, ಅದಕ್ಕೆ ಕಾಯಂ ಕಮಿಷನ್ ಬೇಕು. ಸೇರಿದ ಮೇಲೆ ಆರಂಭದ ವರ್ಷಗಳಲ್ಲಿಯೇ ಅದಕ್ಕಾಗಿ ಇಲಾಖಾ ಆಯ್ಕೆ ನಡೆಯುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಶಾರ್ಟ್ ಸರ್ವಿಸ್‌ಗೆ ವಯೋಮಿತಿ 45, ಹಾಗಾಗಿ ಎಂದಾದರೂ ಹೋಗಬಹುದೆಂದು ಹಲವರು ನಿಧಾನ ಮಾಡುತ್ತಾರೆ. ಕಾಯಂ ಕಮಿಷನ್‌ನ ವಯೋಮಿತಿ ಅದಕ್ಕಿಂತ ಬಹಳ ಬಿಗಿ. ದೀರ್ಘಕಾಲ ಇರುವ ಆಸೆ ಒಳಗೆಲ್ಲೋ ಇದ್ದರೆ ಈಗಿನ ವಯಸ್ಸೇ ಸರಿ. ಸೇವೆಯಲ್ಲಿರುವ ಅಧಿಕಾರಿಗಳು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಾದ ಎಎಫ್ಎಂಸಿ, ದೆಹಲಿಯ ಆರ್ಮಿ ಡೆಂಟಲ್ ಸೆಂಟರ್‌ನಂಥ ಕಡೆ ಎಂಡಿಎಸ್ ಮಾಡುವ ಅವಕಾಶವೂ ಇದೆ. ಅದು ಎಲ್ಲರಿಗೂ ತಾನಾಗಿ ಸಿಗುವುದಿಲ್ಲ, ಎಂಡಿಎಸ್ ಆಸೆಯೊಂದಕ್ಕೇ ಸೇರುವುದು ಬೇಡ.

ಸಿಕ್ಕೇಬಿಟ್ಟಿತು ಎಂಬಂತೆ ಇಷ್ಟು ಬರೆದೆ. ಸಿಗುವುದು ಸುಲಭವಲ್ಲ. ಈಚಿನ ಅಧಿಸೂಚನೆಗಳಲ್ಲಿ ಬಿಡಿಎಸ್ ಅಂತಿಮ ವರ್ಷದಲ್ಲಿ ಕನಿಷ್ಠ ಶೇ 55 ಅಂಕ ಕೇಳಿದ್ದಾರೆ. ನಿಮ್ಮ ಅಂಕಪಟ್ಟಿಯನ್ನು ಇವತ್ತೇ ತೆಗೆದು ನೋಡಿ. ಸಂದರ್ಶನಕ್ಕೆ ಕರೆಯುವುದು ನೀಟ್ ಎಂಡಿಎಸ್ ಅಂಕದ ಆಧಾರದ ಮೇಲೆ, ಅಧಿಸೂಚನೆ ಯಾವ ವರ್ಷದ ನೀಟ್ ಎನ್ನುತ್ತದೋ ಆ ವರ್ಷದ್ದೇ ಬೇಕು. ಇಂಥ ಅಧಿಸೂಚನೆಯಲ್ಲಿ ಬರುವ ಹುದ್ದೆಗಳು ಕೆಲವು ಹತ್ತುಗಳಷ್ಟೇ. ಒಂದು ನೇಮಕಾತಿಯಲ್ಲಿ 30 ಹುದ್ದೆಗಳ ಪೈಕಿ 27 ಪುರುಷರಿಗೆ, ಬರೀ 3 ಮಹಿಳೆಯರಿಗೆ ಎಂದಿಟ್ಟಿದ್ದರು. ಪುರುಷರಲ್ಲಿ ಎರಡು ಸಾವಿರ ದಾಟಿದ ರ‍್ಯಾಂಕಿನವರೆಗೂ ಕರೆದು, ಮಹಿಳೆಯರಲ್ಲಿ 235ನೇ ರ‍್ಯಾಂಕಿಗೇ ಬಾಗಿಲು ಹಾಕಿದ್ದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟುವಾಗಿ ಪ್ರಶ್ನಿಸಿತು. ಅಂದು ನ್ಯಾಯಾಲಯದ ಮೆಟ್ಟಿಲೇರಿದ ಯುವತಿಯರು ನಿಮ್ಮಂತೆಯೇ ಬಿಡಿಎಸ್ ಓದಿದವರು, ಅವರ ಹಟಕ್ಕೆ ನನ್ನ ನಮಸ್ಕಾರ. ಅಧಿಸೂಚನೆ ಬಂದಾಗ ಹುದ್ದೆಗಳ ಹಂಚಿಕೆಯ ಸಾಲನ್ನು ಎರಡು ಸಲ ಓದಿ. ಸಂದರ್ಶನ ದೆಹಲಿಯಲ್ಲಿ ನಡೆಯುತ್ತದೆ. ಆಮೇಲೆ ವೈದ್ಯಕೀಯ ತಪಾಸಣೆ. ತೂಕ, ಕಣ್ಣು, ಕಿವಿ, ಪಾದ ಎಲ್ಲ ನೋಡುತ್ತಾರೆ, ಹಲ್ಲನ್ನೂ ನೋಡುತ್ತಾರೆ. ಈಗಿನಿಂದಲೇ ಬೆಳಗ್ಗೆ ಎದ್ದು ಓಡಲು ಆರಂಭಿಸಿ. ಒಂದು ವಾರದಲ್ಲಿಯೇ ನಿಮ್ಮ ಆಸೆ ಎಷ್ಟು ಗಟ್ಟಿಯೆಂದು ನಿಮಗೇ ತಿಳಿಯುತ್ತದೆ.

ಈ ಸಲದ ರ‍್ಯಾಂಕ್ ಸಾಲದೆ ಹೋದರೆ? ಕ್ಲಿನಿಕ್ ಬದಲಿಸಿ, ಮರ್ಯಾದೆ ಕೊಡುವ ಕಡೆ ಕೆಲಸ ಹಿಡಿದು, ಇನ್ನೊಮ್ಮೆ ನೀಟ್ ಬರೆಯಿರಿ. ಆ ಅಂಕ ಎಂಡಿಎಸ್ ಸೀಟಿಗೂ ಆಗುತ್ತದೆ, ಸೇನೆಗೂ ಆಗುತ್ತದೆ. ಓದಿದ್ದು ವ್ಯರ್ಥವಾಗುವುದಿಲ್ಲ.

ಇನ್ನು ತಂದೆಯವರ ಕ್ಲಿನಿಕ್. ಆ ಯೋಚನೆಯ ಹಿಂದಿರುವ ಪ್ರೀತಿಯನ್ನು ಕಡೆಗಣಿಸಬೇಡಿ. ಅಡಿಕೆ ಬೆಳೆಯುವ ಮನೆಯವರು ತೋಟ ಅಡವಿಡಲು ಸಿದ್ಧರಾಗುವುದು ಹುಡುಗಾಟವಲ್ಲ. ಆದರೆ ದಾವಣಗೆರೆಯಲ್ಲಿ ಎರಡು ದಂತವೈದ್ಯಕೀಯ ಕಾಲೇಜುಗಳಿವೆ. ಕಡಿಮೆ ದರದ ಚಿಕಿತ್ಸೆಗೆ ಜನ ಅಲ್ಲಿಗೇ ಹೋಗುತ್ತಾರೆ, ಅಲ್ಲಿಂದ ಪ್ರತಿವರ್ಷ ಹೊರಬರುವ ಹೊಸ ವೈದ್ಯರಲ್ಲಿ ಹಲವರು ಅದೇ ಊರಿನಲ್ಲಿ ಬೋರ್ಡು ಹಾಕುತ್ತಾರೆ. ಅಲ್ಲಿ ಅನುಭವವಿಲ್ಲದೆ, ಸಾಲ ಹೊತ್ತು, ಬಾಡಿಗೆ ಮಳಿಗೆಯಲ್ಲಿ ಕೂರುವುದು ನನಗೆ ಸರಿಯೆನಿಸುವುದಿಲ್ಲ. ಕ್ಲಿನಿಕ್ಕೇ ಬೇಕೆಂದಾದರೆ ಚನ್ನಗಿರಿಯಲ್ಲಿ ಹಾಕುವುದನ್ನು ಯೋಚಿಸಬಹುದಿತ್ತು. ಹಳ್ಳಿಗಳ ಜನ ಹಲ್ಲುನೋವಿಗೆ ದಾವಣಗೆರೆಯವರೆಗೆ ಬಸ್ಸಿನಲ್ಲಿ ಬರುವುದು ತಪ್ಪುತ್ತಿತ್ತು. ಏನೇ ಆಗಲಿ, ಕ್ಲಿನಿಕ್ ಐದು ವರ್ಷ ಕಾಯಬಲ್ಲದು. ಬಡ್ಡಿ ಮಾತ್ರ ಒಂದು ದಿನವೂ ಕಾಯುವುದಿಲ್ಲ. ತಂದೆಯವರೊಡನೆ ಕುಳಿತು ಕಾಗದದ ಮೇಲೆ ಎರಡೂ ಲೆಕ್ಕ ಬರೆಯಿರಿ: ಒಂದು ಕಡೆ ಸಾಲದ ಕಂತು, ಬಾಡಿಗೆ, ಸಹಾಯಕರ ಸಂಬಳ, ಇನ್ನೊಂದು ಕಡೆ ಮೇಲೆ ಹೇಳಿದ ಸಂಬಳ. ಫಲಿತಾಂಶ ಬರುವವರೆಗೆ ಸಾಲ ಬೇಡವೆಂದು ಕೇಳಿಕೊಳ್ಳಿ. ನಿಮ್ಮ ಸೀನಿಯರ್ ರಜೆಯಲ್ಲಿ ಊರಿಗೆ ಬಂದಾಗ ಮನೆಗೆ ಊಟಕ್ಕೆ ಕರೆಯಿರಿ. ಅವರ ಬಾಯಿಂದ ಕೇಳಿದ್ದನ್ನು ತಂದೆ ನನ್ನ ಅಂಕಣಕ್ಕಿಂತ ಹೆಚ್ಚು ನಂಬುತ್ತಾರೆ, ನಂಬುವುದು ಸರಿಯೂ ಹೌದು.

ಅಮ್ಮನೊಡನೆ ಬೇರೆಯಾಗಿ ಮಾತನಾಡಿ, ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ. ವರ್ಷಕ್ಕೆ 60 ದಿನ ವಾರ್ಷಿಕ ರಜೆ, 20 ದಿನ ಸಾಂದರ್ಭಿಕ ರಜೆ ಇದೆ ಎನ್ನಿ. ಮಹಿಳಾ ಅಧಿಕಾರಿಗಳಿಗೆ 180 ದಿನ ಹೆರಿಗೆ ರಜೆ, ಸೇವಾವಧಿಯಲ್ಲಿ 360 ದಿನ ಶಿಶುಪಾಲನಾ ರಜೆ ಇದೆ ಎನ್ನಿ. ಅವರಿಗೆ ಕಷ್ಟವನ್ನೂ ಹೇಳಿ: ಶಾಂತ ಠಾಣೆಗಳ ಪೀಸ್ ಪೋಸ್ಟಿಂಗ್‌ನಲ್ಲಿ ಮನೆ, ಸಂಸಾರ ಜೊತೆಗಿರಬಹುದು, ಗಡಿ ಅಥವಾ ಕಾರ್ಯಾಚರಣೆಯ ಕಡೆಯ ಫೀಲ್ಡ್ ಪೋಸ್ಟಿಂಗ್ ಬಂದರೆ ಸಾಮಾನ್ಯವಾಗಿ ಒಬ್ಬರೇ ಇರಬೇಕು. ಕಾರವಾರವೋ ಬೆಂಗಳೂರೋ ಬೆಳಗಾವಿಯೋ ಸಿಗಲಿ ಎಂದು ಹರಕೆ ಹೊರಬಹುದು, ಲೇಹ್ ಅಥವಾ ತೇಜಪುರ ಬಂದರೂ ಹೋಗಲೇಬೇಕು. ಒಳ್ಳೆಯದನ್ನಷ್ಟೇ ಹೇಳಿ ಒಪ್ಪಿಸಿದರೆ ಮೊದಲ ಫೀಲ್ಡ್ ಪೋಸ್ಟಿಂಗ್ ಬಂದ ದಿನ ಅಮ್ಮನಿಗೆ ಮೋಸಹೋದಂತೆ ಅನಿಸುತ್ತದೆ.

ಬೆಂಗಳೂರಿನ ಸಂಬಂಧದ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ವರ್ಗಾವಣೆಯ ಕೆಲಸ ಬೇಡ ಎಂದವರು ಆ ಹುಡುಗನ ಮನೆಯವರು. ಹುಡುಗ ಏನೆನ್ನುತ್ತಾನೆಂದು ನೀವು ಬರೆದಿಲ್ಲ, ಬಹುಶಃ ಕೇಳಿಯೂ ಇಲ್ಲ. ಹಿರಿಯರಿಗೆ ತಿಳಿಸಿಯೇ ಅವರೊಡನೆ ಒಮ್ಮೆ ನೇರವಾಗಿ ಮಾತನಾಡಿ. 'ನಾನು ಸೇನೆಗೆ ಅರ್ಜಿ ಹಾಕುತ್ತಿದ್ದೇನೆ, ಸಿಕ್ಕರೆ ಐದು ವರ್ಷ ಹೋಗುತ್ತೇನೆ, ಸಿಗದೆಯೂ ಇರಬಹುದು' ಎಂದು ಹೇಳಿ, ಅವರಿಗೆ ಯೋಚಿಸಲು ಸಮಯ ಕೊಡಿ. 'ಮದುವೆಯಾದ ಮೇಲೆ ನೋಡೋಣ' ಎಂಬ ಉತ್ತರಕ್ಕೆ ಮಾತ್ರ ಒಪ್ಪಬೇಡಿ. ಅದು ಮದುವೆಯಾದ ಮೇಲೆ 'ಬೇಡ' ಎಂದಾಗುವುದನ್ನು ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಓದಿ ಓದಿ ನನಗೆ ನೋವಾಗಿದೆ. ಅವರು ಆಗುವುದಿಲ್ಲ ಎಂದರೆ ಜಗಳ ಬೇಡ, ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯಬಹುದು. ಒಪ್ಪಿದರೆ ನಿಶ್ಚಿತಾರ್ಥಕ್ಕೆ ಮೊದಲೇ ಆ ಮಾತು ಎರಡೂ ಮನೆಯ ಹಿರಿಯರ ಎದುರು ಅವರ ಬಾಯಿಂದಲೇ ಬರಲಿ.