ಕಾಲೇಜಿನಿಂದ ಯುರೋಪಿಗೆ ವಿಜ್ಞಾನ ಪ್ರವಾಸ, 10 ದಿನಕ್ಕೆ 6 ದೇಶ. ಮಗಳನ್ನು ಕಳಿಸಬಹುದೇ?

ನಿಮ್ಮ ಮಗಳು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಕಾಲೇಜಿನವರು ದಸರಾ ರಜೆಯಲ್ಲಿ ಯುರೋಪಿಗೆ ಕರೆದುಕೊಂಡು ಹೋಗುತ್ತಾರಂತೆ. ದುಡ್ಡು ಹೇಗೋ ಹೊಂದಿಸಬಹುದು, ಆದರೆ ಅಲ್ಲಿ ಕಲಿಯುವುದು ಏನಾದರೂ ಇದೆಯೋ, ಇಲ್ಲ ಸುಮ್ನೆ ಫೋಟೋ ತೆಗೆಸಿಕೊಂಡು ಬರುತ್ತಾರೋ ಅಂತ ಕೇಳಿದ್ದೀರಿ.

ನಾನು ಶಿವಮೊಗ್ಗದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಇಂಥದ್ದೇ ಪ್ರವಾಸಕ್ಕೆ 22 ಮಕ್ಕಳ ಜೊತೆ ಹೋಗಿ ಬಂದಿದ್ದೇನೆ. ಅದರ ಮೇಲೆ ಹೇಳುವುದಾದರೆ, ಕಳಿಸಿ. ಆದರೆ ಆ 6 ದೇಶದ ಪಟ್ಟಿ ಹಾಗೇ ಇದ್ದರೆ ಬೇಡ.

ಲೆಕ್ಕ ನೀವೇ ಹಾಕಿ ನೋಡಿ. ಬೆಂಗಳೂರಿನಿಂದ ಹೋಗಿ ಬರುವುದಕ್ಕೇ ಎರಡು ದಿನ. ಉಳಿದದ್ದು ಎಂಟು. ಪ್ಯಾರಿಸ್‌ನಿಂದ ಜಿನೀವಾಕ್ಕೆ ವೇಗದ ರೈಲಿನಲ್ಲೇ ಮೂರು ಗಂಟೆಗೂ ಜಾಸ್ತಿ ಬೇಕು. ಬರ್ನ್‌ನಿಂದ ಮ್ಯೂನಿಕ್‌ಗೆ ಅರ್ಧ ದಿನ ಹೋಗುತ್ತದೆ. ಅದನ್ನೇ ಬಸ್ಸಿನಲ್ಲಿ ಮಾಡಿದರೆ ಇನ್ನೂ ಕಷ್ಟ. ಆರು ದೇಶ ಅಂದರೆ ಮಕ್ಕಳು ಯುರೋಪಿನ ಹೆದ್ದಾರಿ ನೋಡಿಕೊಂಡು ಬರುತ್ತಾರೆ, ಅಷ್ಟೆ. ನಮ್ಮ ಏಜೆಂಟ್ ಕೂಡ ಮೊದಲು ಕೊಟ್ಟಿದ್ದು ಹಾಗೇ ಇತ್ತು. ಅದರಲ್ಲಿ ಜಿನೀವಾ ಸೋಮವಾರ ಬಿದ್ದಿತ್ತು. ಅಲ್ಲಿರುವ ಸರ್ನ್ ಅಂದರೆ ಕಣ ಭೌತಶಾಸ್ತ್ರದ ದೊಡ್ಡ ಪ್ರಯೋಗಾಲಯ. ಅದರಲ್ಲಿ ಜನ ನೋಡಲು ಬರುವ ಸೈನ್ಸ್ ಗೇಟ್‌ವೇ ಸೋಮವಾರ ಮುಚ್ಚಿರುತ್ತದೆ! ಅದನ್ನು ಹಿಡಿದು ಕೇಳಿದ ಮೇಲೆ ಇಡೀ ಪಟ್ಟಿಯನ್ನೇ ಹರಿದು ಹೊಸದಾಗಿ ಮಾಡಿದೆವು. ಪ್ಯಾರಿಸ್ ಮೂರು ರಾತ್ರಿ, ಜಿನೀವಾ ಎರಡು, ದಾರಿಯಲ್ಲಿ ಬರ್ನ್, ಮ್ಯೂನಿಕ್ ಮೂರು. ಮೂರೇ ದೇಶ. ಕೆಲವು ಪೋಷಕರು ‘ಅಷ್ಟು ದುಡ್ಡಿಗೆ ಇಷ್ಟೇನಾ’ ಅಂದರು. ಇರಲಿ.

ಇನ್ನೊಂದು ಕೆಲಸ ಮಾಡಿದೆವು. ಹೊರಡುವುದಕ್ಕೆ ಎರಡು ತಿಂಗಳು ಮೊದಲು ಕಾಲೇಜಿನ ಮೆಟ್ಟಿಲುಗಳ ನಡುವಿನ ಖಾಲಿ ಜಾಗದಲ್ಲಿ ಒಂದು ಲೋಲಕ ನೇತುಹಾಕಿದೆವು. ಮೂರು ಮಹಡಿ, ಸುಮಾರು 9 ಮೀಟರ್ ಸ್ಟೀಲ್ ತಂತಿ. ಕೆಳಗೆ ಪಿಟಿ ಮೇಷ್ಟ್ರನ್ನು ಕಾಡಿ ಬೇಡಿ ತಂದ ಶಾಟ್‌ಪುಟ್ ಗುಂಡು, 7.26 ಕೆಜಿ. ಒಂದು ಸಲ ಆಚೆ ಹೋಗಿ ವಾಪಸ್ ಬರಲು ಆರು ಸೆಕೆಂಡ್.

ಯಾಕೆ ಅಂದರೆ, 1851ರಲ್ಲಿ ಫ್ರೆಂಚ್ ವಿಜ್ಞಾನಿ ಲಿಯೋನ್ ಫೂಕೋ ಪ್ಯಾರಿಸ್ಸಿನ ಪ್ಯಾಂಥಿಯನ್ ಕಟ್ಟಡದ ಗುಮ್ಮಟದಿಂದ 67 ಮೀಟರ್ ತಂತಿಗೆ 28 ಕೆಜಿ ಗುಂಡು ಕಟ್ಟಿ ತೂಗಿಬಿಟ್ಟ. ಗುಂಡು ತೂಗುವ ದಿಕ್ಕು ನಿಧಾನವಾಗಿ ತಿರುಗುತ್ತಾ ಹೋಯಿತು. ಅದನ್ನು ಯಾರೂ ತಿರುಗಿಸುತ್ತಿರಲಿಲ್ಲ, ತಿರುಗುತ್ತಿದ್ದದ್ದು ಕೆಳಗಿನ ನೆಲ. ಭೂಮಿ ತಿರುಗುತ್ತದೆ ಅಂತ ನಕ್ಷತ್ರ ನೋಡದೆ, ಒಂದು ಕಟ್ಟಡದ ಒಳಗೇ ನಿಂತು ಜನ ಕಣ್ಣಾರೆ ಕಂಡರು. ಉತ್ತರ ಧ್ರುವದಲ್ಲಾದರೆ ಈ ದಿಕ್ಕು ಸುಮಾರು ಒಂದು ದಿನಕ್ಕೆ ಒಂದು ಸುತ್ತು ಬರುತ್ತದೆ. ಸಮಭಾಜಕದ ಮೇಲೆ ತಿರುಗುವುದೇ ಇಲ್ಲ. ನಡುವಿನ ಊರುಗಳಿಗೆ ಅಕ್ಷಾಂಶದ ಸೈನ್ ಹಾಕಿ ಲೆಕ್ಕ ಮಾಡಬೇಕು. ಪ್ಯಾರಿಸ್ಸಿನಲ್ಲಿ ಗಂಟೆಗೆ 11 ಡಿಗ್ರಿ ಚಿಲ್ಲರೆ, ಅಂದರೆ ಒಂದು ಸುತ್ತಿಗೆ ಸುಮಾರು 32 ಗಂಟೆ. ಶಿವಮೊಗ್ಗಕ್ಕೆ ಹಾಕಿದರೆ ಗಂಟೆಗೆ ಬರೀ 3.6 ಡಿಗ್ರಿ, ಒಂದು ಸುತ್ತಿಗೆ ಹತ್ತಿರ ಹತ್ತಿರ 100 ಗಂಟೆ! ನಾಲ್ಕು ದಿನದ ಮೇಲೆ. ಸೈನ್ ತೀಟಾ ಅಂದರೆ ಪರೀಕ್ಷೆಗೆ ಬರುವ ಚಿಹ್ನೆ ಅಂತಷ್ಟೇ ಗೊತ್ತಿದ್ದ ಮಕ್ಕಳಿಗೆ ತಮ್ಮೂರಿನ ಅಕ್ಷಾಂಶಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಅವತ್ತು ಗೊತ್ತಾಯಿತು.

ಲೋಲಕ ಮಾತ್ರ ಕೈಕೊಟ್ಟಿತು. ಮೊದಲು ಕೈಯಲ್ಲಿ ತಳ್ಳಿ ಬಿಟ್ಟೆವು, ಗುಂಡು ಓಲಾಡಿತು. ಆಮೇಲೆ ಫೂಕೋ ಮಾಡಿದ ಹಾಗೇ ಗುಂಡನ್ನು ದಾರದಿಂದ ಒಂದು ಪಕ್ಕಕ್ಕೆ ಕಟ್ಟಿ, ದಾರಕ್ಕೆ ಬೆಂಕಿ ಕಡ್ಡಿ ತಾಗಿಸಿ ಬಿಟ್ಟೆವು. ಈ ಸಲ ನೇರವಾಗಿ ಹೊರಟಿತು. ಆದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮೊಟ್ಟೆಯಾಕಾರದಲ್ಲಿ ಸುತ್ತತೊಡಗಿತು. ಮಕ್ಕಳಿಗೆ ಬೇಸರವಾಯಿತು, ನನಗೂ ಆಯಿತು. ವೀಸಾ ಕೆಲಸ ಶುರುವಾಯಿತು, ಅದನ್ನು ಅಲ್ಲಿಗೇ ಬಿಟ್ಟೆವು.

ಪ್ಯಾಂಥಿಯನ್ ಒಳಗೆ ಹೋದಾಗ ನಡೆದದ್ದು ಕೇಳಿ. ಅಲ್ಲಿಗೆ ಬರುವವರೆಲ್ಲ ಕೆಳಗೆ ಗುಂಡನ್ನು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಐದು ನಿಮಿಷಕ್ಕೆ ಹೊರಡುತ್ತಾರೆ. ಐದು ನಿಮಿಷದಲ್ಲಿ ಅದು ಒಂದು ಡಿಗ್ರಿಯೂ ತಿರುಗಿರುವುದಿಲ್ಲ, ಏನು ಕಾಣಬೇಕು? ನಮ್ಮ ಮಕ್ಕಳಲ್ಲಿ ಒಬ್ಬ ಗುಂಡನ್ನು ನೋಡಲೇ ಇಲ್ಲ. ಕತ್ತು ಹಿಂದಕ್ಕೆ ಬಾಗಿಸಿ ಗುಮ್ಮಟ ನೋಡುತ್ತಾ ನಿಂತ. ‘ಸಾರ್, ಮೇಲೆ ಹೆಂಗೆ ಕಟ್ಟಿದ್ದಾರೆ?’ ಅಂದ. ನಾವು ಮೇಲೆ ಹುಕ್ಕಿಗೆ ಗಂಟು ಹಾಕಿದ್ದೆವು. ಗಂಟು ಒಂದು ಕಡೆಗೆ ಸಲೀಸಾಗಿ ಬಗ್ಗುತ್ತದೆ, ಇನ್ನೊಂದು ಕಡೆಗೆ ಬಿಗಿ. ಮೊಟ್ಟೆಯಾಕಾರ ಬಂದದ್ದು ಅದರಿಂದ. ತಂತಿ ಎಲ್ಲ ದಿಕ್ಕಿಗೂ ಒಂದೇ ಥರ ಬಗ್ಗುವ ಹಾಗೆ ಮೇಲೆ ಹಿಡಿಸುವುದೇ ಈ ಪ್ರಯೋಗದ ಜೀವ. ನಮ್ಮ ಲೋಲಕ ಸರಿಯಾಗಿ ಓಡಿದ್ದರೆ ಆ ಹುಡುಗ ತಲೆ ಎತ್ತುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ಅವತ್ತು ನಾವು ಅಲ್ಲಿ ಒಂದೂವರೆ ಗಂಟೆ ಇದ್ದೆವು. ಹದಿನೇಳು ಡಿಗ್ರಿ ತಿರುಗಿದ್ದನ್ನು ಎಲ್ಲರೂ ನೋಡಿದರು. ಕಾವಲಿನವರು ಮಾತ್ರ ನಮ್ಮನ್ನು ವಿಚಿತ್ರವಾಗಿ ನೋಡುತ್ತಿದ್ದರು. ಮೇರಿ ಕ್ಯೂರಿಯ ಸಮಾಧಿಯೂ ಅದೇ ಕಟ್ಟಡದ ನೆಲಮಾಳಿಗೆಯಲ್ಲಿದೆ, 1995ರಲ್ಲಿ ಅಲ್ಲಿಗೆ ತಂದರು. ಮನೆಯವರ ಜೊತೆ ಬರುವ 18 ವರ್ಷದ ಒಳಗಿನವರಿಗೆ ಪ್ರವೇಶ ಉಚಿತ, ಶಾಲಾ ಗುಂಪಿಗೆ ಹಾಗಲ್ಲ, ಮೊದಲೇ ವಿಚಾರಿಸಿ.

ಫೂಕೋನ ಹಳೆಯ ಗುಂಡು ಪ್ಯಾರಿಸ್ಸಿನದೇ ಇನ್ನೊಂದು ಸಂಗ್ರಹಾಲಯದಲ್ಲಿದೆ, ಹೆಸರು ಆರ್ಟ್ಸ್ ಎ ಮೆಟಿಯೆ. 2010ರಲ್ಲಿ ತಂತಿ ತುಂಡಾಗಿ ಬಿದ್ದು ಅದು ಜಜ್ಜಿಹೋಯಿತು. ಆಧುನಿಕ ರಸಾಯನಶಾಸ್ತ್ರಕ್ಕೆ ಬುನಾದಿ ಹಾಕಿದ ಲವಾಸಿಯೆ ಬಳಸಿದ ತಕ್ಕಡಿಗಳನ್ನೂ ಅಲ್ಲೇ ನೋಡಬಹುದು. ಕ್ಯೂರಿ ಸಂಗ್ರಹಾಲಯ ಚಿಕ್ಕದು, ಉಚಿತ, ಆದರೆ ಬುಧವಾರದಿಂದ ಶನಿವಾರದವರೆಗೆ ಮಧ್ಯಾಹ್ನ ಮಾತ್ರ ತೆರೆಯುತ್ತದೆ. ಕಾಲೇಜಿನವರ ಪಟ್ಟಿಯಲ್ಲಿ ಅದು ಬೆಳಿಗ್ಗೆ ಅಂತಿದ್ದರೆ, ಪಟ್ಟಿ ಮಾಡಿದವರು ಅಲ್ಲಿಗೆ ಹೋಗಿಲ್ಲ ಅಂತ ತಿಳಿಯಿರಿ.

ಜಿನೀವಾದ ವಿಷಯ. ಸ್ಟೇಷನ್ನಿನಿಂದ 18ನೇ ನಂಬರ್ ಟ್ರಾಮ್ ಹತ್ತಿದರೆ ಕೊನೆಯ ನಿಲ್ದಾಣವೇ ಸರ್ನ್. ಹೋಟೆಲ್, ಹಾಸ್ಟೆಲ್‌ಗಳಲ್ಲಿ ಇಳಿದುಕೊಂಡವರಿಗೆ ಊರಿನ ಟ್ರಾಮ್, ಬಸ್ಸಿಗೆ ಉಚಿತ ಕಾರ್ಡ್ ಕೊಡುತ್ತಾರೆ. ಬ್ರೋಷರ್‌ನಲ್ಲಿ ‘27 ಕಿಮೀ ಸುರಂಗದ ಒಳಗೆ ಭೇಟಿ’ ಅಂತ ಬರೆದಿದ್ದರೆ ಎರಡು ಸಲ ಕೇಳಿ. ಪ್ರೋಟಾನುಗಳನ್ನು ವೇಗವಾಗಿ ಓಡಿಸುವ ಯಂತ್ರ ಇರುವುದು ಅಲ್ಲೇ. ಅದು ನಡೆಯುವಾಗ ಸುಮಾರು 100 ಮೀಟರ್ ಆಳದ ಆ ಸುರಂಗಕ್ಕೆ ಯಾರನ್ನೂ ಬಿಡುವುದಿಲ್ಲ, ನಿಂತಾಗಲೂ ಸುಲಭಕ್ಕೆ ಸಿಗುವುದಿಲ್ಲ. ಸಿಗುವುದು 2023ರಲ್ಲಿ ತೆರೆದ ಸೈನ್ಸ್ ಗೇಟ್‌ವೇ, ಅಲ್ಲಿನ ಪ್ರಯೋಗಗಳು, ಮತ್ತು ಗೈಡ್ ಜೊತೆ ಒಂದಷ್ಟು ಜಾಗ. 1957ರಲ್ಲಿ ಶುರುವಾದ ಸರ್ನ್‌ನ ಮೊದಲ ವೇಗವರ್ಧಕ ಅದರಲ್ಲಿ ಒಂದು. ಎಲ್ಲ ಉಚಿತ, ಆದರೆ ಗುಂಪಿಗೆ ಮೊದಲೇ ಬುಕ್ ಮಾಡಿರಬೇಕು. ಗೈಡ್‌ಗಳು ಅಲ್ಲೇ ಕೆಲಸ ಮಾಡುವವರು. ಹಾಗಾಗಿ ಏನು ಕೇಳಿದರೂ ಉತ್ತರ ಬರುತ್ತದೆ, ಕೇಳುವುದಕ್ಕೆ ಪ್ರಶ್ನೆ ಇರಬೇಕು ಅಷ್ಟೆ. ನಮ್ಮವರು ಟ್ರಾಮಿನಲ್ಲಿ ಕೂತೇ ಲೆಕ್ಕ ಹಾಕಿದ್ದರು. ಬೆಳಕಿನ ವೇಗಕ್ಕೆ ತೀರಾ ಹತ್ತಿರ ಓಡುವ ಪ್ರೋಟಾನು 27 ಕಿಮೀ ಉಂಗುರವನ್ನು ಸೆಕೆಂಡಿಗೆ ಎಷ್ಟು ಸುತ್ತು ಹಾಕುತ್ತದೆ? 11,000ಕ್ಕೂ ಜಾಸ್ತಿ. ಅದನ್ನು ಬಗ್ಗಿಸಿ ಹಿಡಿದಿಡುವ ಅಯಸ್ಕಾಂತಗಳನ್ನು ಮೈನಸ್ 271 ಡಿಗ್ರಿಗೆ ತಣ್ಣಗೆ ಮಾಡಿರುತ್ತಾರೆ. ‘ಕರೆಂಟ್ ಬಿಲ್ ಎಷ್ಟು ಬರುತ್ತೆ?’ ಅಂತ ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಗೈಡ್ ಅದಕ್ಕೇ ಹತ್ತು ನಿಮಿಷ ಕೊಟ್ಟರು.

ಭಾರತ 2004ರಲ್ಲಿ ಕೊಟ್ಟ ಎರಡು ಮೀಟರ್ ಎತ್ತರದ ನಟರಾಜನ ವಿಗ್ರಹ ಆವರಣದ ಒಳಗಿದೆ. ಎಲ್ಲ ಗುಂಪಿಗೂ ಅಲ್ಲಿಗೆ ಹೋಗಲು ಸಿಗುವುದಿಲ್ಲ. ನಮಗೂ ಸಿಗಲಿಲ್ಲ. ಪೋಷಕರು ವಾಟ್ಸಾಪ್‌ನಲ್ಲಿ ಮೂರು ದಿನ ಅದನ್ನೇ ಕೇಳಿದರು.

ಬರ್ನ್‌ನಲ್ಲಿ ಕ್ರಾಮ್‌ಗಾಸ್ಸೆ 49ರ ಮಹಡಿಯಲ್ಲಿ ಐನ್‌ಸ್ಟೈನ್ 1903ರಿಂದ 1905ರವರೆಗೆ ಬಾಡಿಗೆಗೆ ಇದ್ದ ಮನೆ ಇದೆ. ಕಿರಿದಾದ ಮೆಟ್ಟಿಲು, ಚಿಕ್ಕ ಮನೆ. ಅರ್ಧ ಗಂಟೆ ಸಾಕು.

ಮ್ಯೂನಿಕ್ಕಿನ ಡಾಯ್ಚಸ್ ಮ್ಯೂಸಿಯಂಗೆ ಎರಡು ಪೂರ್ತಿ ದಿನ ಇಟ್ಟಿದ್ದೆವು, ಆದರೂ ಮುಗಿಯಲಿಲ್ಲ. ನದಿಯ ನಡುಗಡ್ಡೆಯ ಮೇಲೆ ಇಡೀ ಸಂಗ್ರಹಾಲಯ. ಅಲ್ಲಿ ನನಗೆ ನೆನಪಿರುವುದು ಒಂದು ಮರದ ಮೇಜು. 1938ರಲ್ಲಿ ಬರ್ಲಿನ್ನಿನಲ್ಲಿ ಯುರೇನಿಯಂ ಒಡೆದದ್ದನ್ನು ಕಂಡುಹಿಡಿದ ಉಪಕರಣಗಳು ಅದರ ಮೇಲಿವೆ. ತುಂಬಾ ವರ್ಷ ಅದನ್ನು ಒಟ್ಟೊ ಹಾನ್ ಅವರ ಮೇಜು ಅಂತಲೇ ಕರೆಯುತ್ತಿದ್ದರು. ಜೊತೆಗೆ ಕೆಲಸ ಮಾಡಿದ್ದ ಲೀಸಾ ಮೈಟ್ನರ್ ಯಹೂದಿ ಮನೆತನದವರು, ಅದೇ ವರ್ಷ ಜುಲೈನಲ್ಲಿ ಜರ್ಮನಿ ಬಿಟ್ಟು ಓಡಬೇಕಾಯಿತು. ಪ್ರಯೋಗದ ಫಲಿತಾಂಶ ಏನು ಹೇಳುತ್ತಿದೆ ಅಂತ ಅರ್ಥ ಬಿಡಿಸಿದ್ದು ಅವರು ಮತ್ತು ಅವರ ಅಕ್ಕನ ಮಗ. 1944ರ ರಸಾಯನಶಾಸ್ತ್ರದ ನೊಬೆಲ್ ಮಾತ್ರ ಹಾನ್ ಒಬ್ಬರಿಗೇ ಹೋಯಿತು. ಇದನ್ನು ಹೇಳಿದಾಗ ನಮ್ಮ ಹೆಣ್ಣುಮಕ್ಕಳಿಗೆ ಬಂದ ಸಿಟ್ಟು ನೋಡಬೇಕಿತ್ತು. ಊಟದ ಹೊತ್ತಿನವರೆಗೂ ಜಗಳ. ‘ಆಗ ಹಂಗೇ ಇತ್ತು’ ಅಂದ ಒಬ್ಬ ಹುಡುಗನ ಜೊತೆ ಇಬ್ಬರು ಸಂಜೆವರೆಗೂ ಮಾತು ಬಿಟ್ಟಿದ್ದರು.

ಎಲ್ಲರೂ ಹೀಗೇ ಇದ್ದರು ಅಂತ ತಿಳಿಯಬೇಡಿ. ಐದಾರು ಮಕ್ಕಳಿಗೆ ನೆನಪಿರುವುದು ಚಾಕೊಲೇಟು ಮತ್ತು ರೈಲಿನ ಕಿಟಕಿ. ಅದೂ ಸರಿಯೇ. ಸಿ.ವಿ. ರಾಮನ್ 1921ರಲ್ಲಿ ಆಕ್ಸ್‌ಫರ್ಡ್‌ಗೆ ಹಡಗಿನಲ್ಲಿ ಹೋಗಿ ಬರುವಾಗ ಮೆಡಿಟರೇನಿಯನ್ ನೀಲಿ ನೋಡಿ ಮರುಳಾದವರೇ ಅಲ್ವಾ. ಆದರೆ ಅವರ ಹತ್ತಿರ ಒಂದು ನಿಕೋಲ್ ಪಟ್ಟಕವೂ ಇತ್ತು. ಅದರಿಂದ ಆಕಾಶದ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ, ಅದು ನೀರಿನದೇ ಅಂತ ಗೊತ್ತಾಯಿತು. ಆ ದಾರಿ ಹಿಡಿದೇ 1928ರ ರಾಮನ್ ಪರಿಣಾಮಕ್ಕೆ ಬಂದರು. ಅದಕ್ಕೇ ಕೇಳುತ್ತಿದ್ದೇನೆ, ನಿಮ್ಮ ಮಗಳ ಕಾಲೇಜಿನವರು ಹೊರಡುವ ಮೊದಲು ಮಕ್ಕಳ ಕೈಗೆ ಏನು ಕೊಡುತ್ತಿದ್ದಾರೆ? ಟೀ ಶರ್ಟು, ಟೋಪಿ ಬಿಟ್ಟು?

ಇನ್ನು ಬೇರೆ ವಿಷಯ. ಫ್ರಾನ್ಸ್, ಸ್ವಿಟ್ಜರ್ಲೆಂಡ್, ಜರ್ಮನಿ ಮೂರಕ್ಕೂ ಒಂದೇ ಶೆಂಗನ್ ವೀಸಾ ಸಾಕು. ಇಂಗ್ಲೆಂಡ್ ಇದ್ದರೆ ಅದಕ್ಕೆ ಬೇರೆ. ಓದಿನ ಉದ್ದೇಶಕ್ಕೆ ಹೋಗುವ ವಿದ್ಯಾರ್ಥಿಗಳಿಗೂ ಜೊತೆಗಿರುವ ಶಿಕ್ಷಕರಿಗೂ ವೀಸಾ ಶುಲ್ಕ ಬೇಡ ಅಂತ ಶೆಂಗನ್ ನಿಯಮದಲ್ಲೇ ಇದೆ. ಅರ್ಜಿ ಕೇಂದ್ರದ ಸೇವಾ ಶುಲ್ಕ ಮಾತ್ರ ಕಟ್ಟಬೇಕು. ನಿಮ್ಮ ಪ್ಯಾಕೇಜ್ ಪ್ರವಾಸವನ್ನು ಅವರು ಹಾಗೆ ಒಪ್ಪುತ್ತಾರೋ ಅಂತ ಕಾಲೇಜಿನವರು ಮೊದಲೇ ವಿಚಾರಿಸಲಿ. ಏಜೆಂಟ್‌ಗಳು ಇದನ್ನು ತಾವಾಗಿ ಹೇಳುವುದಿಲ್ಲ. ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. 18 ಆಗಿಲ್ಲದಿದ್ದರೆ ಅಪ್ಪ ಅಮ್ಮ ಇಬ್ಬರ ಒಪ್ಪಿಗೆ ಪತ್ರ ಬೇಕು. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಹಾಗಾಗಿ ಪ್ಯಾರಿಸ್ಸಿನಲ್ಲಿ ಕೊಂಡ ಸಿಮ್ ಅಲ್ಲಿ ನಡೆಯುತ್ತದೋ ಕೇಳಿಕೊಂಡೇ ತೆಗೆದುಕೊಳ್ಳಲಿ. ಪ್ಲಗ್ ಕೂಡ ಅಲ್ಲಿ ಬೇರೆ. ಚಟ್ನಿಪುಡಿ, ಅವಲಕ್ಕಿ ಧಾರಾಳವಾಗಿ ಕಟ್ಟಿಕೊಡಿ, ಜಿನೀವಾದಲ್ಲಿ ಊಟದ ಬೆಲೆ ನೋಡಿದರೆ ಹಸಿವೇ ಹೋಗುತ್ತದೆ. ಧಾರವಾಡ ಪೇಡ, ತುಪ್ಪ ಬೇಡ, ಹಾಲಿನ ಪದಾರ್ಥ ಹೊರಗಿನಿಂದ ಒಯ್ಯುವಂತಿಲ್ಲ.

ಕಾಲೇಜಿನವರನ್ನು ಕೂರಿಸಿಕೊಂಡು ಕೇಳುವುದಾದರೆ, ಒಂದೊಂದು ಜಾಗದಲ್ಲಿ ಎಷ್ಟು ಗಂಟೆ ಅಂತ ಕೇಳಿ. ಎಷ್ಟು ಜಾಗ ಅಂತ ಕೇಳಬೇಡಿ. ಪ್ಯಾಂಥಿಯನ್‌ಗೆ 20 ನಿಮಿಷ ಅಂತ ಬಂದರೆ ಆ ದುಡ್ಡು ಬ್ಯಾಂಕಿನಲ್ಲೇ ಇರಲಿ, ಡಿಗ್ರಿ ಮುಗಿಸಿ ಅವಳೇ ಹೋಗಲಿ.

ಗುಮ್ಮಟ ನೋಡುತ್ತಾ ನಿಂತಿದ್ದ ನಮ್ಮ ಹುಡುಗ ವಾಪಸ್ ಬಂದ ವಾರವೇ ಅವರ ಮಾವನ ಗ್ಯಾರೇಜಿನಿಂದ ಹಳೆಯ ಡ್ರಿಲ್ ಮೆಷಿನ್ನಿನ ಚಕ್ ತಂದ. ಡ್ರಿಲ್ ಬಿಟ್ ಹಿಡಿಯುವ ಮೂರು ಹಲ್ಲಿನ ಆ ಚಕ್‌ಗೆ ತಂತಿ ಸಿಕ್ಕಿಸಿ, ಸುತ್ತಲೂ ಸಮವಾಗಿ ಬಿಗಿದು, ಮೂರನೇ ಮಹಡಿಯ ತೊಲೆಗೆ ಹಾಕಿದ. ಈ ಸಲ 40 ನಿಮಿಷ ನೇರವಾಗಿ ಓಡಿತು. ಎರಡೂವರೆ ಡಿಗ್ರಿ ಹತ್ತಿರ ತಿರುಗಿತು, ಲೆಕ್ಕಕ್ಕೆ ಸರಿಯಾಗಿ. ಆಮೇಲೆ ಮತ್ತೆ ಮೊಟ್ಟೆ. ಈಗ ತಂತಿ ಬದಲಾಯಿಸಬೇಕು ಅನ್ನುತ್ತಿದ್ದಾನೆ. ಪಿಟಿ ಮೇಷ್ಟ್ರು ಗುಂಡು ವಾಪಸ್ ಕೇಳುತ್ತಲೇ ಇದ್ದಾರೆ, ಇನ್ನೂ ಕೊಟ್ಟಿಲ್ಲ.