ಓದುಗರ ಪ್ರಶ್ನೆ–ಉತ್ತರ: ಸೆಟ್ಟಿಂಗ್ ಫೈಲ್‌ಗಳು ಮತ್ತು ಪೈಥಾನ್‌ನ ಕಾನ್ಫಿಗ್‌ಪಾರ್ಸರ್

ಪ್ರಶ್ನೆ: ಅಡಿಕೆ ಮಂಡಿಯೊಂದಕ್ಕೆ ಪೈಥಾನ್‌ನಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಕಮಿಷನ್ ದರ, ಪ್ರಿಂಟರ್ ಹೆಸರು ಮುಂತಾದವು ಐಎನ್‌ಐ ಫೈಲಿನಲ್ಲಿದ್ದು (ಸಾಲಿಗೊಂದು ‘ಹೆಸರು = ಮೌಲ್ಯ’ ಇರುವ ಸರಳ ಪಠ್ಯ ಫೈಲ್), ಅದನ್ನು ಪೈಥಾನ್‌ನ ಕಾನ್ಫಿಗ್‌ಪಾರ್ಸರ್ ಲೈಬ್ರರಿಯ ಮೂಲಕ ಓದುತ್ತೇನೆ. ‘ಎರಡನೆಯ ಪ್ರತಿ’ ಎಂಬಲ್ಲಿ ಫಾಲ್ಸ್ ಎಂದು ಬರೆದಿದ್ದರೂ ಬಿಲ್ಲಿನ ಎರಡು ಪ್ರತಿಗಳು ಮುದ್ರಣವಾಗುತ್ತಿವೆ. ಅಲ್ಲದೆ ಪ್ರೋಗ್ರಾಂ ಒಮ್ಮೆ ಫೈಲನ್ನು ಉಳಿಸಿದ ಮೇಲೆ ಗುಮಾಸ್ತರು ಅದರಲ್ಲಿ ಬರೆದಿಟ್ಟಿದ್ದ ಟಿಪ್ಪಣಿಗಳೆಲ್ಲ ಕಾಣೆಯಾಗಿವೆ. ಇದಕ್ಕೇನು ಪರಿಹಾರ?
— ಓದುಗರು, ಸಾಗರ

ಉತ್ತರ: ಕಾನ್ಫಿಗ್‌ಪಾರ್ಸರ್‌ಗೆ ಫೈಲಿನಲ್ಲಿರುವ ಪ್ರತಿಯೊಂದು ಮೌಲ್ಯವೂ ಕೇವಲ ಅಕ್ಷರಮಾಲೆ, ಅಂದರೆ ಸ್ಟ್ರಿಂಗ್. ಫಾಲ್ಸ್ ಎಂಬುದೂ ಅದರ ಪಾಲಿಗೆ ಐದು ಅಕ್ಷರಗಳ ಸ್ಟ್ರಿಂಗ್ ಅಷ್ಟೆ. ಖಾಲಿಯಲ್ಲದ ಸ್ಟ್ರಿಂಗ್ ಯಾವುದೇ ಆಗಿರಲಿ, ಪೈಥಾನ್ ಅದನ್ನು ‘ನಿಜ’ವೆಂದೇ ಪರಿಗಣಿಸುವುದರಿಂದ ನಿಮ್ಮ ಎರಡನೆಯ ಪ್ರತಿ ನಿಲ್ಲುತ್ತಿಲ್ಲ. ಮೌಲ್ಯವನ್ನು ಗೆಟ್‌ಬೂಲಿಯನ್ ವಿಧಾನದಿಂದ ಕೇಳಿರಿ. ಅದು ಟ್ರೂ–ಫಾಲ್ಸ್, ಯೆಸ್–ನೋ, ಆನ್–ಆಫ್ ಮತ್ತು 1–0 ಜೋಡಿಗಳನ್ನು ಗುರುತಿಸುತ್ತದೆ, ಬೇರೇನಾದರೂ ಸಿಕ್ಕರೆ ದೋಷವನ್ನು ಎತ್ತುತ್ತದೆ. ಬೂಲಿಯನ್_ಸ್ಟೇಟ್ಸ್ ಎಂಬ ಅದರ ಕೋಷ್ಟಕಕ್ಕೆ ‘ಹೌದು’ ಮತ್ತು ‘ಇಲ್ಲ’ ಎಂಬ ಪದಗಳನ್ನೂ ಸೇರಿಸಬಹುದು. ಗುಮಾಸ್ತರು ಕೈಯಾರೆ ತಿದ್ದುವ ಫೈಲಿಗೆ ಇದನ್ನು ಮಾಡಿಕೊಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಸಂಖ್ಯೆಗಳಿಗೆ ಗೆಟ್‌ಇಂಟ್ ಮತ್ತು ಗೆಟ್‌ಫ್ಲೋಟ್ ಇವೆ. ಪೈಥಾನ್ ಯೂನಿಕೋಡ್ ಅಂಕಿಗಳನ್ನು ಬಲ್ಲದ್ದರಿಂದ ಯಾರಾದರೂ ೫೦ ಎಂದು ಕನ್ನಡ ಅಂಕಿಯಲ್ಲಿ ಬರೆದರೂ ಲೆಕ್ಕ ಸರಿಯಾಗಿಯೇ ಬರುತ್ತದೆ, ಆದರೆ 1,200 ಎಂದು ಅಲ್ಪವಿರಾಮ ಹಾಕಿದರೆ ದೋಷ ಬರುತ್ತದೆ. ಮೌಲ್ಯದ ಮುಂದೆ ಅದೇ ಸಾಲಿನಲ್ಲಿ # ಹಾಕಿ ಬರೆದ ಟಿಪ್ಪಣಿಯೂ ಮೌಲ್ಯದ ಭಾಗವಾಗಿಬಿಡುತ್ತದೆ. ಟಿಪ್ಪಣಿಗಳನ್ನು ಬೇರೆ ಸಾಲಿನಲ್ಲಿ ಬರೆಯಲು ಗುಮಾಸ್ತರಿಗೆ ಹೇಳಿರಿ.

ಇನ್ನು ಟಿಪ್ಪಣಿಗಳು ಕಾಣೆಯಾದ ವಿಷಯ. ಓದುವಾಗಲೇ ಈ ಲೈಬ್ರರಿ ಟಿಪ್ಪಣಿಗಳನ್ನು ಬಿಟ್ಟುಬಿಡುತ್ತದೆ, ಮತ್ತು ಬರೆಯುವಾಗ ಹಳೆಯ ಫೈಲನ್ನು ತಿದ್ದದೆ ತನ್ನ ನೆನಪಿನಲ್ಲಿರುವುದನ್ನಷ್ಟೇ ಹೊಸದಾಗಿ ಬರೆಯುತ್ತದೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಬೆರೆಸಿ ಬರೆದ ಕೀಲಿಗಳೂ, ಅಂದರೆ ಮೌಲ್ಯಗಳ ಹೆಸರುಗಳೂ, ಆಗ ಸಣ್ಣಕ್ಷರಕ್ಕೆ ಇಳಿದಿರುತ್ತವೆ. ಆದ್ದರಿಂದ ಮನುಷ್ಯರು ಬರೆಯುವ ಫೈಲನ್ನು ಪ್ರೋಗ್ರಾಂ ಓದಬೇಕೇ ಹೊರತು ಎಂದೂ ಬರೆಯಬಾರದು ಎಂದು ನಾನು ಯಾವಾಗಲೂ ಹೇಳುತ್ತೇನೆ. ಕೊನೆಯ ಬಿಲ್ ಸಂಖ್ಯೆ, ಕಿಟಕಿಯ ಅಳತೆ ಮುಂತಾದ ಪ್ರೋಗ್ರಾಂನ ಸ್ವಂತ ನೆನಪುಗಳಿಗೆ ಎರಡನೆಯದೊಂದು ಫೈಲ್ ಇಡಿರಿ. ರೀಡ್ ವಿಧಾನಕ್ಕೆ ಎರಡೂ ಹೆಸರುಗಳನ್ನು ಒಟ್ಟಿಗೆ ಕೊಡಬಹುದು. ಒಂದೇ ಕೀಲಿ ಎರಡರಲ್ಲೂ ಇದ್ದರೆ ನಂತರದ ಫೈಲಿನ ಮೌಲ್ಯ ಉಳಿಯುತ್ತದೆ. ಫೈಲನ್ನು ಬರೆಯಲು ತೆರೆದ ಕ್ಷಣವೇ ಅದರಲ್ಲಿದ್ದುದೆಲ್ಲ ಅಳಿಸಿಹೋಗುವುದರಿಂದ, ಆ ನಡುವೆ ಕರೆಂಟ್ ಹೋದರೆ ಖಾಲಿ ಫೈಲ್ ಉಳಿಯಬಹುದು. ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಬಳಿಕ ಓಎಸ್ ಮಾಡ್ಯೂಲಿನ ರಿಪ್ಲೇಸ್‌ನಿಂದ ಹಳೆಯದರ ಜಾಗಕ್ಕೆ ತನ್ನಿರಿ.

ನೀವು ಕೇಳದ ಒಂದು ಮಾತು: ರೀಡ್ ವಿಧಾನವು ಫೈಲ್ ಸಿಗದಿದ್ದರೂ ದೂರು ಹೇಳದೆ ಸುಮ್ಮನಿರುತ್ತದೆ. ಯಶಸ್ವಿಯಾಗಿ ಓದಿದ ಫೈಲುಗಳ ಪಟ್ಟಿಯನ್ನು ಅದು ಹಿಂದಿರುಗಿಸುತ್ತದೆ. ಆ ಪಟ್ಟಿ ಖಾಲಿಯೇ ಎಂದು ನೋಡುವುದು ನಿಮ್ಮ ಹೊಣೆ.

ಪ್ರಶ್ನೆ: ಡೇಟಾಬೇಸಿನ ಪಾಸ್‌ವರ್ಡ್ ಬದಲಾಯಿಸಿದಂದಿನಿಂದ ‘ಇಂಟರ್‌ಪೊಲೇಷನ್’ ಎಂಬ ದೋಷ ಬರುತ್ತಿದೆ. ಹೊಸ ಪಾಸ್‌ವರ್ಡಿನಲ್ಲಿ % ಚಿಹ್ನೆ ಇದೆ.
— ಓದುಗರು, ಉಡುಪಿ

ಉತ್ತರ: ಒಂದು ಮೌಲ್ಯದೊಳಗೆ ಇನ್ನೊಂದು ಮೌಲ್ಯವನ್ನು ಸೇರಿಸಲು ಈ ಲೈಬ್ರರಿ % ಚಿಹ್ನೆಯನ್ನು ಮೀಸಲಿಟ್ಟಿದೆ. ಆ ಸೌಲಭ್ಯ ನಿಮಗೆ ಬೇಡವಾದರೆ ಪಾರ್ಸರನ್ನು ರಚಿಸುವಾಗಲೇ ಇಂಟರ್‌ಪೊಲೇಷನ್ ಎಂಬುದಕ್ಕೆ ನನ್ (None) ಎಂದು ಕೊಡಿರಿ. ಬೇಕಿದ್ದರೆ ಪಾಸ್‌ವರ್ಡಿನ ಚಿಹ್ನೆಯನ್ನು %% ಎಂದು ಎರಡು ಬಾರಿ ಬರೆಯಿರಿ. ಫೈಲನ್ನು ಓದುವಾಗ ಈ ದೋಷ ಕಾಣಿಸದೆ, ಆ ಮೌಲ್ಯವನ್ನು ಕೇಳಿದಾಗಷ್ಟೇ ಕಾಣಿಸಿಕೊಳ್ಳುತ್ತದೆ.

ಪ್ರಶ್ನೆ: ಬಿಲ್ಲಿನ ತಲೆಬರಹವನ್ನು ಕನ್ನಡದಲ್ಲಿ ಸೆಟ್ಟಿಂಗ್ ಫೈಲಿಗೆ ಹಾಕಿದ್ದೇನೆ. ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿ. ವಿಂಡೋಸ್ ಇರುವ ಒಂದು ಕಡೆ ‘ಅಡಿಕೆ ಮಂಡಿ’ ಎಂಬುದು ಅರ್ಥವಿಲ್ಲದ ಚಿಹ್ನೆಗಳಾಗಿ ಬರುತ್ತದೆ, ಇನ್ನೊಂದು ಕಡೆ ‘ಬಟ್ಟೆ ಅಂಗಡಿ’ ಎಂದು ಹಾಕಿದರೆ ಪ್ರೋಗ್ರಾಂ ನಿಂತೇಹೋಗುತ್ತದೆ.
— ಓದುಗರು, ದಾವಣಗೆರೆ

ಉತ್ತರ: ನಿಮ್ಮ ಎರಡು ಉದಾಹರಣೆಗಳಲ್ಲೇ ಉತ್ತರವಿದೆ. ಫೈಲ್ ಇರುವುದು ಯುಟಿಎಫ್-8ರಲ್ಲಿ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆದಿಡುವ ಪದ್ಧತಿಯಲ್ಲಿ. ಈ ಪದ್ಧತಿ, ಅಂದರೆ ಎನ್‌ಕೋಡಿಂಗ್, ಯಾವುದೆಂದು ನೀವು ಹೇಳದಿರುವುದರಿಂದ ವಿಂಡೋಸಿನಲ್ಲಿ ಪೈಥಾನ್ ಅದನ್ನು ಅಲ್ಲಿನ ಹಳೆಯ ಅಕ್ಷರ ಕೋಷ್ಟಕವಾದ ಕೋಡ್ ಪೇಜ್ 1252ರ ಪ್ರಕಾರ ಓದುತ್ತಿದೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್‌ಗಳು. ‘ಅಡಿಕೆ ಮಂಡಿ’ಯ ಎಲ್ಲ ಬೈಟ್‌ಗಳಿಗೂ 1252ರಲ್ಲಿ ಯಾವುದಾದರೊಂದು ಚಿಹ್ನೆ ಇರುವುದರಿಂದ ಅದು ಕಲಸುಮೇಲೋಗರವಾಗಿಯಾದರೂ ತೆರೆಯುತ್ತದೆ. ‘ಬಟ್ಟೆ’ಯ ಒತ್ತಕ್ಷರದಲ್ಲಿರುವ ಹಲಂತದ ಕೊನೆಯ ಬೈಟ್‌ಗೆ ಆ ಪೇಜಿನಲ್ಲಿ ಸ್ಥಾನವೇ ಇಲ್ಲದ್ದರಿಂದ ಓದು ಅಲ್ಲಿಗೇ ಮುರಿಯುತ್ತದೆ. ಉಕಾರದ ಚಿಹ್ನೆಗೂ ಇದೇ ಗತಿ. ರೀಡ್ ವಿಧಾನಕ್ಕೆ ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಎಂದು ಕೊಡಿರಿ. ಬರಿಯ ಯುಟಿಎಫ್-8 ಸಾಲದೆ ಎಂದು ಕೇಳಬಹುದು. ಹಳೆಯ ನೋಟ್‌ಪ್ಯಾಡ್ ಫೈಲಿನ ಆರಂಭಕ್ಕೆ ಕಣ್ಣಿಗೆ ಕಾಣದ ಗುರುತೊಂದನ್ನು ಸೇರಿಸುತ್ತಿತ್ತು, ಅದಿದ್ದರೆ ಮೊದಲ ಸಾಲಿನ ವಿಭಾಗದ ಹೆಸರನ್ನೇ ಪಾರ್ಸರ್ ಗುರುತಿಸುವುದಿಲ್ಲ. ‘ಸಿಗ್’ ಇದ್ದರೆ ಆ ಗುರುತು ಇದ್ದರೂ ಇಲ್ಲದಿದ್ದರೂ ಓದು ಸಾಗುತ್ತದೆ.

ಪ್ರಶ್ನೆ: ಐಎನ್‌ಐ ಬಿಟ್ಟು ಟಾಮಲ್ (TOML) ಎಂಬ ಇನ್ನೊಂದು ಬಗೆಯ ಸೆಟ್ಟಿಂಗ್ ಫೈಲಿಗೆ ಹೋಗಬೇಕೇ?
— ಓದುಗರು, ಬೆಂಗಳೂರು

ಉತ್ತರ: ಫೈಲನ್ನು ಯಾರು ತಿದ್ದುತ್ತಾರೆ ಎಂಬುದನ್ನು ನೋಡಿ ನಿರ್ಧರಿಸಿರಿ. ಟಾಮಲ್‌ನಲ್ಲಿ ಸಂಖ್ಯೆ, ದಿನಾಂಕ, ಪಟ್ಟಿಗಳಿಗೆ ನಿಜವಾದ ಪ್ರಕಾರಗಳಿವೆ ಮತ್ತು ಫೈಲ್ ಯಾವಾಗಲೂ ಯುಟಿಎಫ್-8ರಲ್ಲಿರಬೇಕೆಂಬ ನಿಯಮವಿದೆ. ಹೀಗಾಗಿ ಮೇಲಿನ ದೂರುಗಳಲ್ಲಿ ಹೆಚ್ಚಿನವು ಅಲ್ಲಿ ಹುಟ್ಟುವುದೇ ಇಲ್ಲ. 2022ರಲ್ಲಿ ಬಂದ ಪೈಥಾನ್ 3.11ರಿಂದ ಟಾಮಲ್‌ಲಿಬ್ ಎಂಬ ಲೈಬ್ರರಿ ಭಾಷೆಯ ಜೊತೆಗೇ ಬರುತ್ತದೆ, ಆದರೆ ಅದು ಓದಬಲ್ಲದು, ಬರೆಯಲಾರದು. ಟಿಪ್ಪಣಿಗಳನ್ನು ಉಳಿಸಿಕೊಂಡು ಬರೆಯಲು ಟಾಮಲ್‌ಕಿಟ್ ಎಂಬ ಬೇರೆ ಲೈಬ್ರರಿಯನ್ನು ಹಾಕಿಕೊಳ್ಳಬೇಕು. ಪ್ರೋಗ್ರಾಮರ್‌ಗಳೇ ತಿದ್ದುವ ಫೈಲಾದರೆ ಹಿಂಜರಿಯದೆ ಟಾಮಲ್ ಬಳಸಿರಿ. ಅಂಗಡಿಯವರು ತಿದ್ದುವುದಾದರೆ ನಾನು ಐಎನ್‌ಐಯಲ್ಲೇ ಉಳಿಯುತ್ತೇನೆ, ಏಕೆಂದರೆ ಟಾಮಲ್‌ನಲ್ಲಿ ಪ್ರತಿಯೊಂದು ಪಠ್ಯಕ್ಕೂ, ಕನ್ನಡದ ಕೀಲಿಗಳಿಗೂ ಉದ್ಧರಣ ಚಿಹ್ನೆ ಬೇಕು, ಮತ್ತು ಒಂದು ಚಿಹ್ನೆ ತಪ್ಪಿದರೂ ಇಡೀ ಫೈಲ್ ತಿರಸ್ಕೃತವಾಗುತ್ತದೆ.