ಮೇಲಿನ ಸೆಟ್ಟಿನ ಲೆಕ್ಕವೇ ಬೇರೆ, ಕೆಳಗಿನದೇ ಬೇರೆ

ನಿಮ್ಮ ತಂದೆಗೆ 71, ಎರಡೂ ದವಡೆಯ ಹಲ್ಲು ತೆಗೆಸಿ ಆಗಿದೆ, ಶುಗರ್ ಇದೆ. ಒಬ್ಬ ಡಾಕ್ಟರ್ ಮಾಮೂಲಿ ಹಲ್ಲಿನ ಸೆಟ್ಟು ಸಾಕು ಅಂದರು, ಇನ್ನೊಬ್ಬರು ಇಂಪ್ಲಾಂಟ್ (ದವಡೆಯ ಮೂಳೆಗೆ ಹಾಕುವ ಸ್ಕ್ರೂ) ಮೇಲೆ ಕೂರಿಸುವ ಸೆಟ್ಟೇ ಆಗಬೇಕು ಅಂದರು, ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ನನಗೆ 67. ಐದು ವರ್ಷ ಎರಡೂ ಕಡೆ ಮಾಮೂಲಿ ಸೆಟ್ಟು ಹಾಕುತ್ತಿದ್ದೆ. ನಾಲ್ಕು ವರ್ಷದಿಂದ ಕೆಳಗಿನದು ಎರಡು ಇಂಪ್ಲಾಂಟ್ ಮೇಲೆ ಕೂರುತ್ತಿದೆ, ಮೇಲಿನದು ಇವತ್ತಿಗೂ ಮಾಮೂಲಿಯೇ. ಎರಡರಲ್ಲೂ ಉಂಡವಳು ಅನ್ನುವ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಇಂಪ್ಲಾಂಟಾ, ಮಾಮೂಲಿಯಾ ಅಂತ ಇಡೀ ಬಾಯಿಗೆ ಒಂದೇ ಸಲ ಕೇಳಬೇಡಿ. ಮೇಲಿನ ದವಡೆಗೆ ಒಂದು ಸಲ ಕೇಳಿ, ಕೆಳಗಿನದಕ್ಕೆ ಇನ್ನೊಂದು ಸಲ ಕೇಳಿ. ನನಗೆ ಇದನ್ನು ಯಾರೂ ಮೊದಲೇ ಹೇಳಲಿಲ್ಲ.

ಮೇಲಿನ ಸೆಟ್ಟು ಅಂಗುಳವನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಒದ್ದೆ ಗಾಜಿನ ಮೇಲೆ ಇನ್ನೊಂದು ಗಾಜು ಇಟ್ಟರೆ ಹೇಗೆ ಅಂಟಿ ಕೂರುತ್ತದೋ ಹಾಗೆ, ಎಂಜಲಿನ ಪಸೆಯಲ್ಲಿ ಹಿಡಿದುಕೊಳ್ಳುತ್ತದೆ. ಕೆಳಗಿನದಕ್ಕೆ ಆ ಹಿಡಿತ ಇಲ್ಲ. ಅದು ಕುದುರೆ ಲಾಳದ ಹಾಗೆ ಇರುತ್ತದೆ. ಒಳಗಿಂದ ನಾಲಿಗೆ, ಹೊರಗಿಂದ ಕೆನ್ನೆ, ಮುಂದಿನಿಂದ ತುಟಿ, ಎಲ್ಲ ಸೇರಿ ಅದನ್ನು ತಳ್ಳುತ್ತಲೇ ಇರುತ್ತವೆ. ಸಾಲದ್ದಕ್ಕೆ ಹಲ್ಲು ಹೋದ ಮೇಲೆ ದವಡೆಯ ಮೂಳೆ ಸವೆಯುತ್ತಾ ಬರುತ್ತದೆ. ವರ್ಷಗಳು ಕಳೆದ ಹಾಗೆ ಕೆಳಗಿನ ದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ ಸವೆಯುತ್ತದಂತೆ. ಸೆಟ್ಟು ಸಡಿಲವಾಗುವುದು ಅದಕ್ಕೇ.

ನನಗೂ ಮೊದಲ ವರ್ಷ ತೊಂದರೆ ಇರಲಿಲ್ಲ, ಚೆನ್ನಾಗಿಯೇ ಇತ್ತು. ಆಮೇಲೆ ಕೆಳಗಿನದು ಅಲ್ಲಾಡತೊಡಗಿತು. ಮುದ್ದೆಗೆ ತೊಂದರೆ ಇರಲಿಲ್ಲ, ಅದು ನುಂಗುವ ಊಟ ಅಲ್ವಾ. ಚಪಾತಿ, ರೊಟ್ಟಿ, ಕಾಳಿನ ಪಲ್ಯ ಬಂದರೆ ಕಷ್ಟ. ಒಂದು ಸಂಕ್ರಾಂತಿಗೆ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡೆ. ಒಂದು ಎಳ್ಳಿನ ಕಾಳು ಸೆಟ್ಟಿನ ಅಡಿಗೆ ಸೇರಿತು. ಅಷ್ಟು ಚಿಕ್ಕ ಕಾಳು ವಸಡಿಗೆ ಮುಳ್ಳಿನ ಹಾಗೆ ಚುಚ್ಚಿತು. ಮನೆ ತುಂಬ ಜನ, ಎದ್ದು ಹೋಗಿ ತೆಗೆದು ತೊಳೆದುಕೊಂಡು ಬಂದೆ. ಅವತ್ತಿನಿಂದ ನೆಂಟರ ಮನೆಯಲ್ಲಿ ಎಲೆಯ ಮುಂದೆ ಕೂರುವುದನ್ನೇ ತಪ್ಪಿಸಿಕೊಳ್ಳುತ್ತಿದ್ದೆ. ಊಟದ ಕಷ್ಟಕ್ಕಿಂತ ಇದು ದೊಡ್ಡದು. ನಿಮ್ಮ ತಂದೆ ಬಾಯಿಬಿಟ್ಟು ಹೇಳದಿದ್ದರೂ ಗಮನಿಸಿ.

ಒಂದು ಕ್ಲಿನಿಕ್‌ನಲ್ಲಿ ಕೆಳಗೆ ಮೇಲೆ ಸೇರಿ ಹತ್ತು ಇಂಪ್ಲಾಂಟ್, ತೆಗೆಯಲು ಬಾರದ ಹಲ್ಲು, ಹಲವು ಲಕ್ಷ ಅಂತ ಲೆಕ್ಕ ಕೊಟ್ಟರು. ಹೆದರಿ ಸುಮ್ನೆ ಮನೆಗೆ ಬಂದೆ. ಒಂದು ದಂತ ಕಾಲೇಜಿನಲ್ಲಿ, ಸೆಟ್ಟು ಮಾಡುವುದನ್ನೇ ಓದಿದ ಪ್ರಾಸ್ಥೋಡಾಂಟಿಸ್ಟ್ ಒಬ್ಬರು ನೋಡಿದರು. "ಮೇಲಿನದು ಚೆನ್ನಾಗಿ ಹಿಡಿದಿದೆ, ಮುಟ್ಟುವುದು ಬೇಡ. ಕೆಳಗೆ ಮುಂಭಾಗದಲ್ಲಿ ಎರಡು ಹಾಕಿದರೆ ಸಾಕು" ಅಂದರು. ಆಮೇಲೆ ಓದಿ ತಿಳಿದದ್ದು: ಹಲ್ಲೇ ಇಲ್ಲದ ಕೆಳದವಡೆಗೆ ಮೊದಲ ಆಯ್ಕೆ ಎರಡು ಇಂಪ್ಲಾಂಟ್ ಮೇಲಿನ ಸೆಟ್ಟೇ ಆಗಬೇಕು ಅಂತ 2002ರಲ್ಲೇ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೇಳಿದ್ದರು.

ಸ್ಕ್ಯಾನ್ ಮಾಡಿ ಮೂಳೆ ನೋಡಿದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಎರಡು ಟೈಟಾನಿಯಂ ಸ್ಕ್ರೂ ಕೂರಿಸಿದರು. ಹಲ್ಲು ಕೀಳಿಸಿದಾಗ ಆದಷ್ಟೂ ನೋವಾಗಲಿಲ್ಲ. ಮೂಳೆ ಅದನ್ನು ಹಿಡಿದುಕೊಳ್ಳಲಿ ಅಂತ ಮೂರು ತಿಂಗಳು ಬಿಟ್ಟರು. ಅಲ್ಲಿಯವರೆಗೆ ಹಳೆಯ ಸೆಟ್ಟಿನ ಅಡಿಯನ್ನು ಕೆರೆದು, ಮೆತ್ತನೆಯ ಪದರ ಹಾಕಿ ಕೊಟ್ಟಿದ್ದರು. ಆಮೇಲೆ ಸ್ಕ್ರೂ ಮೇಲೆ ಗುಂಡಿ, ಸೆಟ್ಟಿನ ಅಡಿಯಲ್ಲಿ ಅದಕ್ಕೆ ಸರಿಯಾದ ನೈಲಾನ್ ಬಿಲ್ಲೆ. ರವಿಕೆಯ ಪ್ರೆಸ್ ಬಟನ್ ಹಾಕಿದ ಹಾಗೆ 'ಟಕ್' ಅಂತ ಕೂತಿತು. ಅವತ್ತು ಸಂಜೆ ಸೀಬೆಹಣ್ಣು ಹೆಚ್ಚಿ ತಿಂದೆ. ಸೆಟ್ಟು ಏಳಲಿಲ್ಲ. ಅಡುಗೆಮನೆಯಲ್ಲಿ ನಿಂತುಕೊಂಡೇ ಇಡೀ ಹಣ್ಣು ಮುಗಿಸಿದೆ.

ಆದರೂ ಸ್ವಂತ ಹಲ್ಲಿನ ಹಾಗೆ ಅಂದುಕೊಳ್ಳಬೇಡಿ. ಭಾರ ವಸಡಿನ ಮೇಲೂ ಬೀಳುತ್ತದೆ. ಎಳ್ಳು ಈಗಲೂ ಅಡಿಗೆ ಸೇರುತ್ತದೆ, ಆದರೆ ಸೆಟ್ಟು ಜಾರುವುದಿಲ್ಲ. ನೈಲಾನ್ ಬಿಲ್ಲೆ ಸವೆಯುತ್ತದೆ, ವರ್ಷಕ್ಕೊಮ್ಮೆ ಬದಲಾಯಿಸಿಕೊಂಡು ಬರುತ್ತೇನೆ. ದಿನಾ ರಾತ್ರಿ ತೆಗೆದು ನೀರಲ್ಲಿ ಇಡುತ್ತೇನೆ. ಬಿಸಿನೀರು ಬೇಡ, ಸೆಟ್ಟು ಸೊಟ್ಟಗಾಗುತ್ತದೆ. ಗುಂಡಿಗಳ ಸುತ್ತ ಮೆತ್ತನೆಯ ಬ್ರಷ್ ಆಡಿಸಲೇಬೇಕು. ಅಲ್ಲಿ ಕೊಳೆ ಕೂತರೆ ವಸಡು ಕೀವಾಗಿ, ಇಂಪ್ಲಾಂಟ್ ಹಿಡಿದ ಮೂಳೆಯೇ ಕರಗುತ್ತದೆ. ಖರ್ಚು ನನಗೆ ಹೊಸ ಕೆಳಸೆಟ್ಟೂ ಸೇರಿ 90 ಸಾವಿರದ ಹತ್ತಿರ ಬಂತು. ಊರು, ಕಂಪನಿ ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತದೆ.

ಶುಗರ್ ಇದೆ ಅಂದಮಾತ್ರಕ್ಕೆ ಇಂಪ್ಲಾಂಟ್ ಬೇಡ ಅಂತಿಲ್ಲ. ಹತೋಟಿಯಲ್ಲಿದೆಯಾ ಅನ್ನುವುದೇ ಮುಖ್ಯ. ಮೂರು ತಿಂಗಳ ಸರಾಸರಿ ತೋರಿಸುವ ಶುಗರ್ ಟೆಸ್ಟ್ ಮಾಡಿಸಿ, ರಿಪೋರ್ಟ್ ತೆಗೆದುಕೊಂಡೇ ಹೋಗಿ. ಬೀಡಿ ಸಿಗರೇಟು ಇದ್ದರೆ ಮುಚ್ಚಿಡಬೇಡಿ. ಮೈಯ ಮೂಳೆ ಸವೆತಕ್ಕೆ (ಆಸ್ಟಿಯೋಪೊರೋಸಿಸ್) ಮಾತ್ರೆಯೋ ಇಂಜೆಕ್ಷನ್ನೋ ತೆಗೆದುಕೊಂಡಿದ್ದರೆ, ಕುತ್ತಿಗೆ ಮುಖಕ್ಕೆ ರೇಡಿಯೇಷನ್ ಆಗಿದ್ದರೆ ಮೊದಲೇ ಹೇಳಬೇಕು. ಇವುಗಳಿಂದ ದವಡೆಯ ಗಾಯ ಮಾಯದೆ ಉಳಿಯುವ ಅಪಾಯ ಇದೆ.

ಕೆಳಗಿನದಕ್ಕೆ ಇಂಪ್ಲಾಂಟೇ ಮೊದಲ ಆಯ್ಕೆ ಅಂತ ಆ ತಜ್ಞರು ಅಂದಿದ್ದರೂ, ನಿಮ್ಮ ಜಾಗದಲ್ಲಿ ನಾನಿದ್ದರೆ ಈಗ ಎರಡೂ ಕಡೆ ಒಳ್ಳೆಯ ಮಾಮೂಲಿ ಸೆಟ್ಟು ಮಾಡಿಸುತ್ತಿದ್ದೆ. ಒಂದೆರಡು ತಿಂಗಳು ಅಭ್ಯಾಸ ಆಗಲಿ. ಚುಚ್ಚಿದ ಕಡೆ ಸೆಟ್ಟನ್ನು ಉಜ್ಜಿಸಿಕೊಳ್ಳಲು ನಾಲ್ಕು ಸಲ ಹೋಗಬೇಕಾದರೂ ಹೋಗಿ, ಮಧ್ಯದಲ್ಲೇ ಡಬ್ಬಿಗೆ ಹಾಕಿಡಲು ಬಿಡಬೇಡಿ. ಅವರಿಗೆ ಹೊಂದಿಕೊಂಡರೆ ಅಲ್ಲಿಗೇ ಮುಗಿಯಿತು. ಕೆಳಗಿನದು ನಿಲ್ಲಲೇ ಇಲ್ಲ ಅಂದರೆ ಆಗ ಎರಡು ಇಂಪ್ಲಾಂಟ್ ಹಾಕಿಸಿ. ಸೆಟ್ಟು ಸರಿಯಾಗಿದ್ದರೆ ಎಷ್ಟೋ ಸಲ ಅದರ ಅಡಿಗೇ ಬಿಲ್ಲೆ ಕೂರಿಸಿಕೊಡುತ್ತಾರೆ, ಕೊಟ್ಟ ದುಡ್ಡು ದಂಡವಾಗುವುದಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಹತ್ತಿರದ ದಂತ ಕಾಲೇಜಿನಲ್ಲಿ ದಂತಭಾಗ್ಯ ಯೋಜನೆಯ ಬಗ್ಗೆ ಕೇಳಿ. ಹಲ್ಲಿಲ್ಲದ ಬಡ ಹಿರಿಯರಿಗೆ ಉಚಿತವಾಗಿ ಸೆಟ್ಟು ಕೊಡಲೆಂದೇ ನಮ್ಮ ರಾಜ್ಯ ಸರ್ಕಾರ ಅದನ್ನು ತಂದದ್ದು.

ಇನ್ನೊಂದು, ತಂದೆಯವರ ಬೆರಳು ಹೇಗಿದೆ ನೋಡಿ. ಗಂಟುನೋವು, ಕೈನಡುಕ ಇದ್ದರೆ ಗುಂಡಿಯಿಂದ ಸೆಟ್ಟು ಎತ್ತಿ ತೆಗೆಯುವುದು ಕಷ್ಟ. ನನಗೆ ಮೊದಲ ವಾರ ಮಗಳೇ ತೆಗೆದುಕೊಡಬೇಕಾಯಿತು. ಬಿಗಿ ಕಡಿಮೆ ಇರುವ ಬಿಲ್ಲೆಯೂ ಬರುತ್ತದೆ, ಕೇಳಿದರೆ ಹಾಕಿಕೊಡುತ್ತಾರೆ. ನಾನು ಕೇಳಿ ಹಾಕಿಸಿಕೊಂಡೆ, ಈಗ ನಾನೇ ತೆಗೆಯುತ್ತೇನೆ.